ಜ್ವರಕ್ಕೆ ಕೂತ ಪರದೆ

ಕಂಪ್ಯೂಟರು ನಿಂತುಹೋದದ್ದು ಮುಟ್ಟದಿದ್ದರೆ ಗೊತ್ತೇ ಆಗುವುದಿಲ್ಲ. ಅದರ ಸೊಗಸೂ ಅದೇ, ದರಿದ್ರವೂ ಅದೇ ಅಂದುಕೊಂಡ ಅಶ್ವಥ್. ಬಸ್ಸು ಚನ್ನಪಟ್ಟಣ ಬಿಟ್ಟು ವಿರೂಪಾಕ್ಷಿಪುರದ ದಾರಿ ಹಿಡಿದಿತ್ತು. ಕಿಟಕಿಯಾಚೆ ಮಾಗಿಯ ಮಂಜು ಇನ್ನೂ ಕರಗಿರಲಿಲ್ಲ. ತೆಂಗಿನ ಮರ, ಹಿಪ್ಪುನೇರಳೆ ಹೊಲ, ಗಾರ್ಮೆಂಟ್ಸ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಎದುರಿಂದ ಬರುವ ವ್ಯಾನು, ಎಲ್ಲವೂ ಒಂದು ಕ್ಷಣ ಬಿಳಿಯೊಳಗಿಂದ ಮೂಡಿ ಮತ್ತೆ ಬಿಳಿಯೊಳಕ್ಕೇ ಹೋಗುತ್ತಿದ್ದವು. ತೊಡೆಯ ಮೇಲೆ ರೆಕ್ಸಿನ್ ಚೀಲ. ಚೀಲದಲ್ಲಿ, ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮಾಡಿಕೊಂಡ ಒಂದು ಸಿ.ಡಿ. ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿ, ಹಳೆಯ ಪ್ರೋಗ್ರಾಮಿನ ಮೇಲೆ ಹೊಸದನ್ನು ಕೂರಿಸಿಬಿಟ್ಟರೆ ಮುಗಿಯಿತು, ಯಾರಪ್ಪನಿಗೂ ತಿಳಿಯುವುದಿಲ್ಲ. ಕಂಡಕ್ಟರು ಎದುರು ನಿಂತು “ಎಲ್ಲಿಗೆ?” ಎಂದು ಎರಡು ಸಲ ಕೇಳಿದ. ಅಶ್ವಥ್‌ಗೆ ಪ್ರಶ್ನೆ ಕೇಳಿಸಿತ್ತು, ಉತ್ತರವೂ ಗೊತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. “ಏನ್ಸಾಮಿ, ಕಣ್ಬುಟ್ಕಂಡೇ ನಿದ್ದೆ ಹೊಡಿತೀರಾ?” ಎಂದ ಕಂಡಕ್ಟರು. ಮುಂದಿನ ಸೀಟಿನವರು ತಿರುಗಿ ನಕ್ಕರು. ಅವನು ಊರಿನ ಹೆಸರು ಹೇಳಿ, ಟಿಕೇಟು ಇಸಿದುಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ನಿನ್ನೆ ಸಂಜೆ ಅನ್ನ ಕಲಸುತ್ತಿದ್ದಾಗ ಫೋನು ಬಂದಿತ್ತು. ಮಾಡಿದವರು ವಿರೂಪಾಕ್ಷಿಪುರದ ಚಾಕಿ ಕೇಂದ್ರದ ಯಜಮಾನರು, ರುದ್ರಪ್ರಸಾದ್. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳವನ್ನು, ಕೂದಲೆಳೆಯಂಥ ಮರಿಗಳನ್ನು, ಎರಡು ಜ್ವರ ಕಳೆದು ಎರಡು ಸಲ ಪೊರೆ ಬಿಡುವ ತನಕ ಬೆಚ್ಚಗೆ ಸಾಕಿ ರೈತರ ಮನೆಗೆ ಕಳಿಸುವ ಜಾಗ ಅದು. “ಹುಳ ಹೋದವಪ್ಪ ಅಶ್ವಥ್. ಒಂದು ತಟ್ಟೆನೂ ಉಳೀಲಿಲ್ಲ. ಹೀಟರ್ ಉರಿದೂ ಉರಿದೂ ಒಳಗೆ ಬಾಣಲೆ ಆಗೋಗಿತ್ತು. ಲತಾಮಣಿ ಕಂಪ್ಯೂಟರ್ ಮುಂದೇನೇ ಕೂತವ್ಳೆ, ಶಾಖ ಏರಿ ಅದು ಗಂಟೆ ಹೊಡೆದದ್ದು ಕೇಳ್ಲಿಲ್ವಂತೆ. ನಿದ್ದೆ ಹೊಡೆದಿರ್ತಾಳೆ, ಇನ್ನೇನು. ಪಾಪದವಳು, ಬೈಯಕ್ಕೂ ಮನಸ್ಸು ಬರಲ್ಲ. ನೀನು ನಾಳೆ ಬಂದು ಕಂಪ್ಯೂಟರ್ ಒಂದ್ಸಲ ನೋಡಿಬಿಡು. ಅದಕ್ಕೇನೂ ಆಗಿಲ್ಲ ತಾನೆ?” ಕೊನೆಯ ಪ್ರಶ್ನೆಯನ್ನು ಅವರು ಬಹಳ ಅಕ್ಕರೆಯಿಂದ, ಬಿದ್ದ ಮಗುವಿಗೆ ಪೆಟ್ಟಾಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದ್ದರು. “ನೋಡ್ತೀನಿ ಸಾರ್” ಎಂದಿದ್ದ. ಫೋನು ಇಟ್ಟ ಮೇಲೆ ಕಲಸಿದ ಅನ್ನ ತಟ್ಟೆಯಲ್ಲೇ ಒಣಗಿತು. ಏನಾಗಿದೆ ಎಂದು ಅವನಿಗೆ ಆ ಕ್ಷಣಕ್ಕೇ ತಿಳಿದಿತ್ತು.

ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಕೋಣೆಯಲ್ಲಿ ಅವನದೊಂದು ಕಂಪ್ಯೂಟರ್ ಕ್ಲಾಸು. ಕೆಳಗಿನಿಂದ ಬನ್ನಿನ ವಾಸನೆ ಬರುವಾಗ ಹುಡುಗ ಹುಡುಗಿಯರಿಗೆ ವಿಶುವಲ್ ಬೇಸಿಕ್ ಹೇಳಿಕೊಡುತ್ತಾನೆ. ಬೋರ್ಡಿನ ಮೇಲೆ ಪರದೆಯ ಚೌಕ ಬರೆದು, ನೋಡ್ರಪ್ಪಾ, ಪರದೆ ತೋರಿಸೋದು, ಗಡಿಯಾರ ಓಡಿಸೋದು, ಹೊರಗಿನ ಯಂತ್ರದ ಹತ್ರ ಅಂಕಿ ಕೇಳೋದು, ಎಲ್ಲಾನೂ ಒಬ್ಬನೇ ಆಳಿಗೆ ಹೇಳಿದ್ರೆ ಏನಾಗ್ತದೆ? ಆಳು ಅಂಕಿ ಇಸ್ಕೊಂಬರೋಕೆ ಹೋದ. ಆ ಮನೆಯೋರು ಬಾಗಿಲು ತೆಗೀಲಿಲ್ಲ. ಇವನು ಅಲ್ಲೇ ನಿಂತ. ಇಲ್ಲಿ ಹಸು ಹಗ್ಗ ಕಿತ್ಕೊಂಡ್ರೂ, ಒಲೆ ಮೇಲೆ ಹಾಲು ಉಕ್ಕಿದ್ರೂ ಕೇಳೋರಿಲ್ಲ. ಅದಕ್ಕೇ ಕಾಯೋ ಕೆಲಸಕ್ಕೊಂದು ಮಿತಿ ಹಾಕಬೇಕು, ಇಷ್ಟು ಹೊತ್ತು ನೋಡು, ಕೊಡದಿದ್ರೆ ವಾಪಸ್ ಬಾ ಅನ್ನಬೇಕು. ಹೀಗೆ ಹೇಳುವಾಗ ಅವನಿಗೆ ತನ್ನ ಮಾತಿನ ಬಗ್ಗೆ ತನಗೇ ಹಿಗ್ಗು. ಆದರೆ ಹುಳದ ಮನೆಯ ಶಾಖ ಕಾಯಲು ರುದ್ರಪ್ರಸಾದರಿಗೆ ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ಆ ಮಿತಿಯನ್ನು ಅವನೇ ಹಾಕಿರಲಿಲ್ಲ. ಯಾಕೆ ಹಾಕಲಿಲ್ಲ ಎಂದು ಈಗ ಕೇಳಿಕೊಂಡರೆ ಉತ್ತರ ಎಷ್ಟು ಸಣ್ಣದೆಂದರೆ ನಾಚಿಕೆಯಾಗುತ್ತದೆ. ಅವನ ಮೇಜಿನ ಮೇಲೆ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಗೇಣುದ್ದದ ವಯರು. ಅದು ಎಂದೂ ಕಳಚಿಕೊಂಡಿರಲಿಲ್ಲ, ಕೇಳಿದಾಗಲೆಲ್ಲ ಅಂಕಿ ಬರುತ್ತಿತ್ತು. ಅಲ್ಲಿ, ಹುಳದ ಮನೆಯಲ್ಲಿ, ವಯರು ಗೋಡೆ ತೂತಿನಿಂದ ಹಾದು, ಸದಾ ನೆಂದಿರುವ ಗೋಣಿತಾಟಿನ ಪಕ್ಕ ಹರಿದು, ಶಾಖ ಅಳೆಯುವ ಪೆಟ್ಟಿಗೆ ಸೇರಬೇಕು. ಇವತ್ತು ಬೆಳಿಗ್ಗೆ ಕೂತು ಮಿತಿ ಹಾಕಿದ. ನಾಲ್ಕು ಸಾಲು. ಬರೀ ನಾಲ್ಕು ಸಾಲು, ಥೂ.

ಮಂಜಿನಲ್ಲಿ ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಎಂಜಿನ್ನು ಆರಿದ ಮೇಲೆ ಉಳಿದ ಆ ಮೌನ ಅವನಿಗೆ ಹಳೆಯ ಪರಿಚಯದ್ದು. ಚಿಕ್ಕಂದಿನಲ್ಲಿ ಕೋಡಿಹಳ್ಳಿಯ ತಮ್ಮ ಮನೆಯಲ್ಲಿ ನಡುಮನೆ ಪೂರ್ತಿ ಹುಳಕ್ಕೆ, ಜಗುಲಿ ಮನುಷ್ಯರಿಗೆ. ತಿನ್ನುವ ದಿನಗಳಲ್ಲಿ ಗೋಡೆಯಾಚೆಯಿಂದ ಹಗಲೂ ಇರುಳೂ ಸರಸರ ಸದ್ದು. ಒಂದು ದಿನ ಇದ್ದಕ್ಕಿದ್ದಂತೆ ಆ ಸದ್ದು ನಿಲ್ಲುತ್ತಿತ್ತು. ಹಳೆಯ ಚರ್ಮ ಬಿಡುವ ಮುಂಚೆ ಹುಳ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಹುಳ ಜ್ವರಕ್ಕೆ ಕೂತವೆ ಅಂದರೆ ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಮ್ಮನೆ ಕಾಯಬೇಕು. ಅವ್ವ ಕಾವೇರಮ್ಮ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಡುತ್ತಿದ್ದಳು. ಊರಿಗೇ ಕೇಳುವಂತೆ ಕೂಗಾಡುವ ಅಪ್ಪ ಆ ಒಂದು ದಿನ ಪಿಸುಮಾತಿನಲ್ಲಿ ನೀರು ಕೇಳುತ್ತಿದ್ದ. ಲಕ್ಷ ತಲೆಗಳು ಮೇಲೆದ್ದು ಏನನ್ನೋ ಆಲಿಸುತ್ತಾ ಕೂತಿವೆ, ಅವುಗಳ ಜೊತೆ ಮನೆಯೂ ಕೂತಿದೆ, ಹಗ್ಗದ ಮೇಲಿನ ಪಂಚೆಯೂ ಕೂತಿದೆ. ಈ ಜ್ವರ ಬಿಡದೇ ಇದ್ದರೆ ಎಷ್ಟು ಚೆಂದ ಅನ್ನಿಸುತ್ತಿತ್ತು ಹುಡುಗನಿಗೆ. ಅವ್ವನಿಗೆ ಮಾತ್ರ ಅದು ಬಿಡುವ ಗಳಿಗೆ ಗೊತ್ತಾಗುತ್ತಿತ್ತು. “ಎಲ್ಲಾ ಏಳ್ತವಾ ಅವ್ವ?” ಅಂದರೆ, “ಏಳದವೂ ಇರ್ತವೆ ಕಣ್ಲಾ” ಎಂದು, ಏಳದವನ್ನು ಕಡ್ಡಿಯಿಂದ ಆರಿಸಿ ಸುಣ್ಣದ ನೀರಿಗೆ ಹಾಕುತ್ತಿದ್ದಳು. ಹಾಕುವಾಗ ಅವಳ ಮುಖದಲ್ಲಿ ಕನಿಕರವೂ ಇರುತ್ತಿರಲಿಲ್ಲ, ಕೋಪವೂ ಇರುತ್ತಿರಲಿಲ್ಲ. ಬಸ್ಸು ಮತ್ತೆ ಹೊರಟಿತು.

ಕಂಪ್ಯೂಟರಿನ ಬಗ್ಗೆ ಆ ಜ್ವರದ ಮಾತು ಅವನ ಬಾಯಿಂದ ಬಿದ್ದದ್ದು ಪ್ರೋಗ್ರಾಮು ಹಾಕಿಕೊಟ್ಟ ದಿನ. ಕಂಪ್ಯೂಟರಿಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಚಿಕ್ಕ ಎಲೆಯಲ್ಲಿ ಬಾಳೆಹಣ್ಣು ಇಟ್ಟಿದ್ದರು. ರುದ್ರಪ್ರಸಾದರು ಅಕ್ಕಪಕ್ಕದ ರೈತರನ್ನೆಲ್ಲ ಕರೆಸಿ ಕೂರಿಸಿದ್ದರು. ನೋಡಿ, ಒಳಗಿನ ಶಾಖ ಹೊರಗೆ ಕೂತು ನೋಡಬಹುದು, ಮೂವತ್ತು ದಾಟಿದರೆ ಗಂಟೆ ಹೊಡೆಯುತ್ತದೆ, ಆಗ ಹೋಗಿ ಹೀಟರ್ ಆರಿಸಿ ಕಿಟಕಿ ತೆಗೆದರಾಯಿತು ಎಂದು ಅವರೇ ವಿವರಿಸುತ್ತಿದ್ದರು. ಅಶ್ವಥ್ ಮೌಸ್ ಒತ್ತಿದ. ಪರದೆ ಬೆಳ್ಳಗಾಯಿತು. ಅದರ ಹಣೆಯಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬಂತು. ಒಳಗೆ ಯಾರೋ ವಯರು ಎಡವಿರಬೇಕು ಎಂದು ಅವನಿಗೆ ಹೊಳೆಯಿತು. ತಾನು ಎಲ್ಲಿ ತಪ್ಪಿದ್ದೇನೆ ಎಂಬುದೂ ಅದರ ಹಿಂದೆಯೇ ಹೊಳೆಯಿತು. ಊದುಬತ್ತಿಯ ಹೊಗೆಯಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಗಿ, ಹಲ್ಲು ಕಿರಿದು, “ಏನಿಲ್ಲ ಸಾರ್, ಜ್ವರಕ್ಕೆ ಕೂತೈತೆ. ಮುಟ್ಬೇಡಿ, ತಾನೇ ಏಳ್ತದೆ” ಅಂದುಬಿಟ್ಟ. ಹೋ ಎಂದು ನಗು ಎದ್ದಿತು. “ಭೇಷ್ ಕಣಯ್ಯ, ಹುಳದ ಮನೆ ಹುಡುಗ ಅನ್ನಿಸ್ಕಂಡೆ!” ಎಂದು ದೊಡ್ಡಹನುಮಯ್ಯ ಎಂಬ ಮುದುಕ, ಆ ಕೇಂದ್ರದಿಂದಲೇ ಯಾವಾಗಲೂ ಹುಳ ಒಯ್ಯುವವನು, ಅವನ ಬೆನ್ನು ತಟ್ಟಿದ. ಅಷ್ಟರಲ್ಲಿ ಒಳಗೆ ಯಾರೋ ವಯರು ಸರಿಪಡಿಸಿರಬೇಕು, ಪರದೆ ಎದ್ದಿತು, ಗಡಿಯಾರ ಓಡಿತು. ನಗದೆ ಇದ್ದವಳು ಒಬ್ಬಳೇ, ಲತಾಮಣಿ. ಚಾಕಿ ನೋಡಿಕೊಳ್ಳುವವಳು. “ಎಷ್ಟೊತ್ತು ಕೂರ್ತದಣ್ಣ?” ಎಂದು ಕೇಳಿದ್ದಳು. ಅವನು ನಗುವಿನ ಗುಂಗಿನಲ್ಲೇ, “ಹುಳ ಹೆಂಗೋ ಹಂಗೆ ಕಣಮ್ಮ. ನಮ್ಮವ್ವನೂ ಹುಳ ಸಾಕ್ತಿದ್ಲು, ಗೊತ್ತಿಲ್ವಾ ನಂಗೆ?” ಎಂದಿದ್ದ.

ಮಾತು ಅಲ್ಲಿಗೇ ಸಾಯಬೇಕಿತ್ತು, ಸಾಯಲಿಲ್ಲ. ವಯರು ತೇವಕ್ಕೆ ಆಗಾಗ ಕೈಕೊಡುತ್ತಿತ್ತು, ಮತ್ತೆ ತಾನೇ ಸರಿಹೋಗುತ್ತಿತ್ತು. ಮುಟ್ಟದೆ ಬಿಟ್ಟರೆ ಪರದೆ ಬೆಳ್ಳಗಾಗುವುದೂ ಇಲ್ಲ. ಗಡಿಯಾರ ನಿಂತಲ್ಲೇ ನಿಂತು, ಕೊನೆಗೆ ಬಂದ ಅಂಕಿ ಹಾಗೇ ಕೂತಿರುತ್ತದೆ. ಲತಾಮಣಿ ಅದನ್ನು ಕಂಡ ಕೂಡಲೇ “ಶ್” ಎನ್ನುತ್ತಿದ್ದಳಂತೆ. ಜೊತೆಗೆ ಕೆಲಸ ಮಾಡುವ ಸೌಮ್ಯಶ್ರೀ ಅಲ್ಲಿಗೆ ಬಂದರೆ ಚಪ್ಪಲಿ ಬಿಡಿಸುತ್ತಿದ್ದಳಂತೆ. ಹೋದ ತಿಂಗಳು ಅವನು ಬಂದಾಗ ಇದನ್ನೆಲ್ಲ ಹೇಳಿಕೊಂಡು ಯಜಮಾನರು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಅವನೂ ನಕ್ಕಿದ್ದ. ಅವತ್ತೇ ನಾಲ್ಕು ಸಾಲು ಹಾಕಬಹುದಿತ್ತು. ಹಾಕಿದರೆ, ಜ್ವರ ಎಲ್ಲಿ ಹೋಯ್ತಯ್ಯ ಎಂದು ಕೇಳಿಯಾರು ಎಂಬ ಸಂಕೋಚ. ಹೊರಡುವಾಗ ಲತಾಮಣಿ ಹಿಂದೆಯೇ ಗೇಟಿನ ತನಕ ಬಂದು, ದನಿ ತಗ್ಗಿಸಿ, “ಒಳ್ಳೇ ಕೆಲ್ಸ ಮಾಡಿದ್ರಿ ಕಣಣ್ಣ. ಹೊರಗಾದಾಗ ಹುಳದ ಮನೆ ಒಳಕ್ಕೆ ಹೋಗಂಗಿಲ್ವಲ್ಲ, ಆ ಮೂರು ದಿನ ನಂಗೆ ಜೀವಾನೇ ನಿಲ್ತಿರ್ಲಿಲ್ಲ. ಈಗ ಇಲ್ಲೇ ಕೂತು ಕಣ್ತುಂಬ ನೋಡ್ಕತೀನಿ” ಅಂದಿದ್ದಳು. ಹಿಂದಿರುಗುವ ಬಸ್ಸಿನಲ್ಲಿ ಅವನು ಆ ಮಾತನ್ನು ಮತ್ತೆ ಮತ್ತೆ ನೆನೆದು ಖುಷಿಪಟ್ಟಿದ್ದ.

ಕೇಂದ್ರದ ಗೇಟಿನೊಳಗೆ ಕಾಲಿಟ್ಟಾಗ ಮಂಜು ಸರಿದು ಬಿಸಿಲು ಬಂದಿತ್ತು. ಹಿತ್ತಲಲ್ಲಿ ಗುಂಡಿ ತೆಗೆದು ತಟ್ಟೆಗಳನ್ನು ಬಗ್ಗಿಸಿ ಸುಣ್ಣ ಚೆಲ್ಲಿದ್ದರು. ಸಣ್ಣ ಹುಳ ಸತ್ತರೆ ವಾಸನೆಯೂ ಹೆಚ್ಚು ಬರುವುದಿಲ್ಲ. ಒಣಗಿದ ಹುಲ್ಲಿನಂಥದೇನೋ ಮೂಗಿಗೆ ಬಂತು. ಲತಾಮಣಿ ಬಾವಿಯ ಹತ್ತಿರದ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಎರಡೂ ಕೈ ಸೆರಗಿನೊಳಗೆ.

“ಬಂದ್ರಾ ಅಣ್ಣ” ಎಂದಳು.

“ಹೂಂ. ಏನಾಯ್ತಮ್ಮ?”

“ಹುಳ ಎರಡನೇ ಜ್ವರಕ್ಕೆ ಕೂತಿದ್ವು. ಸೊಪ್ಪು ಹಾಕೋ ಹಂಗಿಲ್ಲ, ಯಾರೂ ಒಳಕ್ಕೆ ಹೋಗೋ ಹಂಗಿಲ್ಲ. ಚಳಿ ಅಂತ ಸೌಮ್ಯಶ್ರೀ ಹೊತ್ತಾರೆ ಹೀಟ್ರು ಹಾಕ್ಬುಟ್ಟು ಮನೆಗೋದ್ಲು. ನಾನು ಕಂಪ್ಯೂಟ್ರು ಮುಂದೆ ಕೂತಿದ್ದೆ. ಇಪ್ಪತ್ತೇಳು ಅಂತಿತ್ತು. ಆಮೇಕೆ ಗಡಿಯಾರ ನಿಂತೋಯ್ತು. ಒಳಗಿರೋವೂ ಕೂತವೆ, ಇದೂ ಕೂತೈತೆ, ಎಂಥಾ ಜೋಡಿ ಅಂದ್ಕಂಡೆ. ನಿದ್ದೆ ಮಾಡ್ನಿಲ್ಲ ಕಣಣ್ಣ, ಎಲೆವಡಿಕೆ ಕೂಡ ಹಾಕ್ಕೊಳ್ನಿಲ್ಲ. ಬಿಸ್ಲು ಬಂದು ಸೂರಿನ ಶೀಟು ಚಟಚಟ ಅಂತಿತ್ತು. ಸೌಮ್ಯಶ್ರೀ ವಾಪಸ್ ಬಂದು ಬಾಗ್ಲು ತೆಗೆಯೋಗಂಟ ಇಪ್ಪತ್ತೇಳೇ ಅಂತಿತ್ತು ಅದು.”

ಅಶ್ವಥ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. “ನೋಡಮ್ಮ, ಅದು...” ಎಂದ.

“ತಪ್ಪು ನಂದೇ” ಎಂದಳು ಅವಳು, ನೆಲ ನೋಡುತ್ತಾ. “ಯಜಮಾನ್ರು ನಿದ್ದೆ ಅಂತವ್ರೆ. ಅನ್ಕೊಳ್ಲಿ. ನಾ ನಿನ್ನೆ ಹೊರಗಾಗಿದ್ದೆ. ಒಳಕ್ಕೆ ಹೋಗ್ನಿಲ್ಲ, ಆದ್ರೂ ಅದ್ರ ಮುಂದೆ ಕೂತಿದ್ನಲ್ಲ. ಅದೂ ಹುಳ ನೋಡ್ದಂಗೇ ಅಲ್ವಾ? ನನ್ನ ಮೈಲಿಗೆ ಅದುಕ್ಕೂ ತಟ್ತು, ಅವುಕ್ಕೂ ತಟ್ತು.” ಸೆರಗಿನಿಂದ ಕೈ ಈಚೆ ತೆಗೆದು, ಬೇರೆ ಯಾರದೋ ಎನ್ನುವಂತೆ ಅಂಗೈ ನೋಡಿಕೊಂಡಳು. “ಈ ಕೈಲಿ ಒಂದು ಬೆಳೆನೂ ಕೆಟ್ಟಿರ್ನಿಲ್ಲ ಕಣಣ್ಣ. ನಮ್ ತಂಗೀರೆಲ್ಲ ಗಾರ್ಮೆಂಟ್ಸಿಗೆ ಹೋದ್ರು, ನಿನ್ ಕೈಗುಣ ಬುಟ್ಟು ಎಲ್ಲಿಗೆ ಹೋದೀಯೆ ಅಂತ ಊರೋರೇ ನಿಲ್ಲಿಸ್ಕಂಡಿದ್ರು.”

ಹೇಳಿಬಿಡಬೇಕಿತ್ತು. ಆದರೆ ಅವನಿಗೆ ಆ ಕ್ಷಣದಲ್ಲಿ ಕಂಡದ್ದೇ ಬೇರೆ. ತಪ್ಪನ್ನು ಅವಳೇ ಎತ್ತಿಕೊಂಡಿದ್ದಾಳೆ. ಯಜಮಾನರೂ ಅವಳ ಮೇಲೆಯೇ ಹಾಕಿದ್ದಾರೆ. ಎರಡೂ ಕಡೆಯಿಂದ ಬಾಗಿಲು ಮುಚ್ಚಿಕೊಂಡು, ನಡುವೆ ತನಗೊಂದು ದಾರಿ ಸಲೀಸಾಗಿ ಬಿಟ್ಟಿದೆ. ಸಿ.ಡಿ. ಹಾಕಿ, ಒಂದು ಲೋಟ ಟೀ ಕುಡಿದು, ಹನ್ನೊಂದರ ಬಸ್ಸು ಹಿಡಿಯಬಹುದು. ಎದೆಯೊಳಗೆ ಹಗುರಾದದ್ದು ಅವನಿಗೆ ಗೊತ್ತಾಯಿತು. ಹಾಗೆ ಹಗುರಾದದ್ದಕ್ಕೆ ಹೇಸಿಗೆಯೂ ಆಯಿತು. “ನೋಡ್ತೀನಮ್ಮ” ಎಂದಷ್ಟೇ ಹೇಳಿ ಒಳಗೆ ಹೋದ.

ಹುಳದ ಮನೆ ಬರಿದಾಗಿತ್ತು. ತಟ್ಟೆಯಿಲ್ಲದ ಸ್ಟ್ಯಾಂಡುಗಳ ನಡುವೆ ನಡೆಯುವಾಗ ತನ್ನ ಉಸಿರು ತನಗೇ ದೊಡ್ಡದಾಗಿ ಕೇಳಿ, ಅಭ್ಯಾಸಬಲದಿಂದ ತುದಿಗಾಲಿನಲ್ಲಿ ನಡೆದ. ಕಿಟಕಿಗಳನ್ನು ಮತ್ತೆ ಮುಚ್ಚಿದ್ದರು. ಗೋಡೆಯ ಮೇಲೆ ಪಾದರಸದ ಥರ್ಮಾಮೀಟರು ಯಾರಿಗೂ ಬೇಡವಾಗಿ ನೇತಾಡುತ್ತಿತ್ತು. ಮೂಲೆಯ ಪೆಟ್ಟಿಗೆಗೆ ವಯರು ಸೇರುವಲ್ಲಿ ಪಿನ್ನುಗಳು ಪಾಚಿ ಹಿಡಿದಂತೆ ಹಸಿರಾಗಿದ್ದವು. ಬೆರಳಿಂದ ಅಲ್ಲಾಡಿಸಿದರೆ ಕಳಚುತ್ತಿತ್ತು, ಬಿಟ್ಟರೆ ಕೂರುತ್ತಿತ್ತು. ನಿನ್ನೆ ಸತ್ತ ಹುಳದ ತಟ್ಟೆಗಳನ್ನು ಎತ್ತುವ ಗಡಿಬಿಡಿಯಲ್ಲಿ ಯಾರದೋ ಕಾಲು ತಗುಲಿ, ವಯರು ಕೂತು, ಕಂಪ್ಯೂಟರು ಎದ್ದಿರಬೇಕು. ಆ ಹೊತ್ತಿಗೆ ಕಿಟಕಿಯೆಲ್ಲ ತೆರೆದು ಒಳಗೆ ತಣ್ಣಗಾಗಿತ್ತು. ಹೊಡೆಯಬೇಕಾದಾಗ ಗಂಟೆಗೆ ಕಿವಿಯಿರಲಿಲ್ಲ, ಕಿವಿ ಬಂದಾಗ ಹೊಡೆಯಲು ಏನೂ ಉಳಿದಿರಲಿಲ್ಲ. ಅವನು ಪೆಟ್ಟಿಗೆಯನ್ನು ಬಿಚ್ಚಿ, ಉದ್ದ ವಯರಿನ ಸಮೇತ ಹೊರಗಿನ ಕೋಣೆಗೆ ತಂದಿಟ್ಟುಕೊಂಡು, ಪಿನ್ನುಗಳನ್ನು ಒರೆಸಿ ಮತ್ತೆ ಜೋಡಿಸಿದ.

ಹೊರಗಿನ ಕೋಣೆಯಲ್ಲಿ ರುದ್ರಪ್ರಸಾದರು ಕುರ್ಚಿಯಲ್ಲಿ, ದೊಡ್ಡಹನುಮಯ್ಯ ಬೆಂಚಿನ ಮೇಲೆ. ಮುದುಕ ಹುಳ ಒಯ್ಯಲು ಬಿದಿರು ತಟ್ಟೆ ಸಾರಿಸಿ, ಮನೆಗೆ ಸುಣ್ಣ ಬಳಿದು ಕಾದಿದ್ದವನು. ಪರದೆಯ ಮೇಲೆ ಗಡಿಯಾರ ಚೆನ್ನಾಗಿ ಓಡುತ್ತಿತ್ತು. ಕುಂಕುಮ ಇನ್ನೂ ಅಳಿಸಿರಲಿಲ್ಲ. ಲತಾಮಣಿ ಬಂದು ಹೊಸಿಲಿನಾಚೆಯೇ ನಿಂತಳು.

“ಆಗಿದ್ದು ಆಗೋಯ್ತು” ಎಂದರು ಯಜಮಾನರು. “ಮುಂದಿನ ಬೆಳೆ ಸೌಮ್ಯಶ್ರೀ ನೋಡ್ಕೊಳ್ಲಿ. ಲತಾಮಣಿ ಒಂದಷ್ಟು ದಿನ ಮನೇಲಿರ್ಲಿ.”

“ದಿನ ಗಿನ ಅಲ್ಲ ಬುಡಿ” ಎಂದ ದೊಡ್ಡಹನುಮಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಈಯಮ್ಮನ್ನ ಬೈಯಲ್ಲ. ಆದ್ರೆ ಇನ್ಮೇಕೆ ಇವ್ಳ ಕೈ ತಾಗಿದ ಹುಳ ನಂಗೆ ಬ್ಯಾಡ. ಊರಲ್ಲೂ ಯಾರೂ ತಗಳಲ್ಲ. ಕೈಗುಣ ಅನ್ನದು ಒಂದ್ಸಲ ಹೋದ್ರೆ ಹೋಯ್ತು.”

ಅವಳು ಕೈಗಳನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಳು.

“ಏನಯ್ಯ ಅಶ್ವಥ್, ಕಂಪ್ಯೂಟರಲ್ಲಿ ಏನಾರ ತೊಂದರೆ ಐತಾ?” ಎಂದರು ರುದ್ರಪ್ರಸಾದರು.

ಚೀಲದ ಜಿಪ್ಪು ಅರ್ಧ ಎಳೆದಿದ್ದ. ಬೆರಳಿಗೆ ಸಿ.ಡಿ.ಯ ಅಂಚು ತಾಗುತ್ತಿತ್ತು. ಪ್ರಶ್ನೆ ಕೇಳಿಸಿತು, ಉತ್ತರವೂ ಗೊತ್ತಿತ್ತು. ಬಿಸಿಲಿಗೆ ಸೂರಿನ ಶೀಟು ಚಟ್ ಎಂದಿತು. ಅವ್ವ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಹಗ್ಗದ ಮೇಲೆ ಪಂಚೆ ಅಲುಗುತ್ತಿಲ್ಲ, ಕಂಡಕ್ಟರು ಎಲ್ಲಿಗೆ ಎಂದು ಕೇಳುತ್ತಿದ್ದಾನೆ, ಬೋರ್ಡಿನ ಚೌಕದೊಳಗೆ ಒಬ್ಬ ಆಳು ಮುಚ್ಚಿದ ಬಾಗಿಲಿನ ಮುಂದೆ ನಿಂತು ನಿಂತು ಬಿಳಿಯಾಗುತ್ತಿದ್ದಾನೆ. ಇಲ್ಲ ಅಂದರೆ ಸಾಕು. ತಲೆಯಾಡಿಸಿದರೂ ಸಾಕು. ಏನೂ ಅನ್ನದೆ ಹೀಗೇ ಕೂತರೂ ಸಾಕು, ಅವರೇ ಇಲ್ಲ ಅಂದುಕೊಳ್ಳುತ್ತಾರೆ. “ಏನಯ್ಯ?” ಎಂದು ಯಜಮಾನರು ಎದ್ದು ಬಂದು ಹೆಗಲು ಅಲುಗಿಸಲು ಕೈ ಚಾಚಿದರು.

“ಮುಟ್ಬೇಡಿ ಸಾ” ಎಂದಳು ಹೊಸಿಲಿನಿಂದ ಲತಾಮಣಿ. “ಒಸಿ ತಡೀರಿ. ಏಳ್ತಾರೆ.”

ಮುದುಕ ನಕ್ಕ. ಯಜಮಾನರೂ ನಕ್ಕರು. ಅವಳು ನಗಲಿಲ್ಲ, ಅವಳು ಅಂದದ್ದು ತಮಾಷೆಗಲ್ಲ. ಅವನು ಸಿ.ಡಿ.ಯ ಅಂಚಿನಿಂದ ಬೆರಳು ಈಚೆ ತೆಗೆದ.

“ಸಾರ್, ನಿನ್ನೆ ಗಂಟೆ ಹೊಡೆದೇ ಇಲ್ಲ” ಎಂದ. ದನಿ ತನ್ನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. “ತಪ್ಪು ನನ್ನ ಪ್ರೋಗ್ರಾಮಿಂದು. ಆಯಮ್ಮಂದಲ್ಲ.”

ರುದ್ರಪ್ರಸಾದರು ಅವನನ್ನು ಕನಿಕರದಿಂದ ನೋಡಿದರು. “ನಿಂದು ದೊಡ್ಡ ಮನಸ್ಸು ಕಣಪ್ಪ. ಹೆಣ್ಮಗಳು ಉಳೀಲಿ ಅಂತ ಅಪವಾದ ಮೈಮೇಲೆ ಹಾಕ್ಕೊಳ್ತೀಯ. ನಾನು ನಿನ್ನೆ ಸಂಜೆಯಿಂದ ನೋಡ್ತಾ ಇದ್ದೀನಿ, ಒಂದು ಸೆಕೆಂಡು ತಪ್ಪಿಲ್ಲ ಅದು.” “ಕಂಪ್ಯೂಟ್ರು ಎಲ್ಲಾರ ಸುಳ್ಳೇಳ್ತದಾ?” ಎಂದ ದೊಡ್ಡಹನುಮಯ್ಯ.

ಹೇಳಿಯೂ ಆಯಿತು, ಉಳಿದೂ ಆಯಿತು. ಎಷ್ಟು ಚೆನ್ನಾಗಿ ಉಳಿದೆನೆಂದರೆ ಒಳ್ಳೆಯವನೆಂಬ ಹೆಸರೂ ದಕ್ಕಿತು! ಈಗ ಏನಾದರೂ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಅಶ್ವಥ್ ಚೀಲದ ಜಿಪ್ಪು ಮುಚ್ಚಿದ, ಸಿ.ಡಿ. ಒಳಗೇ ಉಳಿಯಿತು. “ಸೌಮ್ಯಶ್ರೀಗೆ ಹೇಳಿ ಒಂದು ಲೋಟ ಬಿಸಿನೀರು ತರಿಸಿ ಸಾರ್. ಗೋಡೆ ಮೇಲಿನ ಥರ್ಮಾಮೀಟರೂ ಬೇಕು” ಎಂದ.

ನೀರು ಬಂತು, ಹಬೆಯಾಡುತ್ತಿತ್ತು. ಅವನು ಕಂಪ್ಯೂಟರಿನ ಹಿಂದೆ ಕೈಹಾಕಿ ವಯರನ್ನು ಒಂದು ಕೂದಲಿನಷ್ಟು ಈಚೆಗೆ ಎಳೆದ. ಪರದೆಯ ಮೇಲೆ ಗಡಿಯಾರ ನಿಂತಿತು. ಬೇರೇನೂ ಆಗಲಿಲ್ಲ. ಇಪ್ಪತ್ತೇಳು ಎಂಬ ಅಂಕಿ ಹಸಿರಾಗಿ, ತಣ್ಣಗೆ, ನಂಬುವ ಹಾಗೆ ಕೂತಿತ್ತು. ಸೆನ್ಸರಿನ ಕಡ್ಡಿಯನ್ನೂ ಪಾದರಸದ ಥರ್ಮಾಮೀಟರನ್ನೂ ಒಟ್ಟಿಗೆ ಲೋಟಕ್ಕೆ ಇಳಿಸಿದ. ಪಾದರಸ ಏರಿತು. ಮೂವತ್ತು ದಾಟಿತು, ನಲವತ್ತರ ಕಡೆ ನಡೆಯಿತು. ಪರದೆ ಇಪ್ಪತ್ತೇಳು ಅನ್ನುತ್ತಲೇ ಇತ್ತು. ಗಂಟೆ ಇಲ್ಲ. ರುದ್ರಪ್ರಸಾದರು ಲೋಟ ನೋಡಿದರು, ಪರದೆ ನೋಡಿದರು, ಮತ್ತೆ ಲೋಟ ನೋಡಿದರು. ಎಲ್ಲರೂ ಬಗ್ಗಿ, ಉಸಿರು ಬಿಗಿಹಿಡಿದು, ಏನನ್ನೋ ಕಾಯುತ್ತಿದ್ದರು. ಕಾಯುತ್ತಾ ಕಾಯುತ್ತಾ ಅಶ್ವಥ್‌ಗೆ ಒಂದು ವಿಚಿತ್ರ ಶಾಂತಿ ಬಂತು. ಅವನ ಕೆಲಸ ಅಷ್ಟು ಜನರ ಮುಂದೆ ಬೆತ್ತಲೆ ನಿಂತಿತ್ತು. ಇನ್ನು ಮುಚ್ಚಿಡಲು ಏನೂ ಇರಲಿಲ್ಲ.

“ಜ್ವರಕ್ಕೆ ಕೂತೈತೆ” ಎಂದು ದೊಡ್ಡಹನುಮಯ್ಯ ಪಿಸುಗುಟ್ಟಿದ.

“ಇಲ್ಲ ತಾತ, ಇದು ಜ್ವರ ಅಲ್ಲ. ಇದಕ್ಕೆ ತಾನಾಗಿ ಏಳೋಕೆ ಬರಲ್ಲ. ನಾನು ಹೇಳಿಕೊಟ್ಟಿರಲಿಲ್ಲ.” ಅವನು ಹೊಸಿಲಿನ ಕಡೆ ತಿರುಗಿದ. “ಬಾಮ್ಮ, ಇದನ್ನ ಮುಟ್ಟು.”

“ನಾ ಇವತ್ತೂ...” ಎಂದು ಅವಳು ಹಿಂದೆ ಸರಿದಳು.

“ಪರವಾಗಿಲ್ಲ. ಮುಟ್ಟು.”

ಲತಾಮಣಿ ಬಂದಳು. ಸೆರಗಿನಿಂದ ಕೈ ತೆಗೆದು, ಒಂದೇ ಬೆರಳಿನಿಂದ ಮೌಸ್ ಒತ್ತಿದಳು. ಇಪ್ಪತ್ತೇಳು ಮಾಯವಾಗಿ ಪರದೆಗೆ ಪರದೆಯೇ ಬೆಳ್ಳಗಾಯಿತು. ಆ ಬಿಳಿಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಬಹಳ ಹೊತ್ತು ಅವಳು ಅದನ್ನೇ ನೋಡಿದಳು.

“ಹಂಗಾರೆ ನಾನಲ್ವಾ?”

“ನೀನಲ್ಲ. ನಿನ್ನ ಕೈಯಲ್ಲೂ ಏನೂ ಇಲ್ಲ, ಮೈಯಲ್ಲೂ ಏನೂ ಇಲ್ಲ.”

“ಇದು ಹಿಂಗೆ ಅಂತ ನಿಮ್ಗೆ ಯಾವಾಗ ಗೊತ್ತಾಯ್ತು?”

ಅವನಿಗೆ ಊದುಬತ್ತಿಯ ವಾಸನೆ ಬಂದಂತಾಯಿತು. “ಮೊದಲನೇ ದಿನಾನೇ” ಎಂದ.

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. “ಹುಳದ ಮನೆಯೋರು ಅಂದಿದ್ರಲ್ಲ ಅಣ್ಣ” ಎಂದಳು, ದನಿ ಏರಿಸದೆ. “ಅದುಕ್ಕೇ ನಂಬಿದ್ದು. ಬ್ಯಾರೆ ಯಾರಾರ ಹೇಳಿದ್ರೆ ನಾ ಒಂದ್ಸಲ ಬಾಗ್ಲು ತೆಗ್ದು ನೋಡಿರ್ತಿದ್ದೆ.”

ದೊಡ್ಡಹನುಮಯ್ಯ ಟವೆಲ್ಲಿನಿಂದ ಸುಮ್ಮಸುಮ್ಮನೆ ಮುಖ ಒರೆಸಿಕೊಂಡ. ರುದ್ರಪ್ರಸಾದರು ಕಂಪ್ಯೂಟರಿನ ಹಣೆಯ ಕುಂಕುಮವನ್ನು ನೋಡುತ್ತಿದ್ದರು. ಏನಾದರೂ ಮಾಡುತ್ತಿರಬೇಕು ಎನ್ನಿಸಿ ಅಶ್ವಥ್ ಬಗ್ಗಿ ವಯರನ್ನು ಒಳಕ್ಕೆ ಒತ್ತಿದ.

ಬಿಳಿ ಕರಗಿತು. ಅಂಕಿ ಇಪ್ಪತ್ತೇಳರಿಂದ ನಲವತ್ತೊಂದಕ್ಕೆ ಹಾರಿ ಕೆಂಪಾಯಿತು. ನಿನ್ನೆ ಹೊಡೆಯಬೇಕಾಗಿದ್ದ ಗಂಟೆ ಈಗ, ಬರಿದಾದ ಮನೆಯಲ್ಲಿ, ಗೋಡೆ ಬಿರಿಯುವಂತೆ ಹೊಡೆದುಕೊಳ್ಳತೊಡಗಿತು. ಅವನು ಲೋಟದತ್ತ ಕೈಚಾಚುವ ಮೊದಲೇ ಲತಾಮಣಿ ಓಡಿದ್ದಳು. ಮೂರು ದಿನದ ನೇಮ, ಸುಣ್ಣದ ಗುಂಡಿ, ಎದುರಿಗಿದ್ದ ಜನ, ಯಾವುದೂ ಅವಳಿಗೆ ನೆನಪಿದ್ದಂತಿರಲಿಲ್ಲ. ಹುಳದ ಮನೆಯ ಬಾಗಿಲು ದಢ್ ಎಂದು ತೆರೆಯಿತು. ಗಂಟೆಯ ಸದ್ದಿನ ನಡುವೆ, ಒಳಗೆ ಒಂದಾದ ಮೇಲೊಂದು ಕಿಟಕಿ ತೆಗೆಯುತ್ತಿರುವುದು ಕೇಳಿಸುತ್ತಿತ್ತು.